ಇಂದಿನ ಮರಿಯಲ್ಲ, ನಾಳೆಯ ಮೀನು: ಪೈಕ್ ಸಿಕ್ಲಿಡ್ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಪೈಕ್ ಸಿಕ್ಲಿಡ್ ಸಾಕುವವರ ತೊಂದರೆಗಳಲ್ಲಿ ಹೆಚ್ಚಿನವು ತೊಟ್ಟಿಯಲ್ಲಿ ಹುಟ್ಟುವುದಿಲ್ಲ, ಅಂಗಡಿಯಲ್ಲಿಯೇ ಹುಟ್ಟುತ್ತವೆ. ಬೆರಳುದ್ದದ ಮರಿ, ಮೈಮೇಲೆ ಚೆಂದದ ಗೆರೆ, ಎಲ್ಲವನ್ನೂ ಗಮನಿಸುವ ದೊಡ್ಡ ಕಣ್ಣು. ಇದನ್ನು ಕಂಡವರಿಗೆ ಮನೆಗೆ ಕೊಂಡೊಯ್ಯಬೇಕೆನಿಸುವುದು ಸಹಜ. ಆದರೆ ಅದೇ ಮರಿ ಮೊಳದುದ್ದ ಬೆಳೆಯುವುದೋ, ಕಿರುಬೆರಳಿನಷ್ಟಕ್ಕೇ ನಿಲ್ಲುವುದೋ ಎಂದು ತಿಳಿಯದೆ ಕೊಂಡರೆ ಮೀನಿಗೂ ಕಷ್ಟ, ಸಾಕುವವರಿಗೂ ಕಷ್ಟ. ಗುರುತು ಹಿಡಿಯುವುದು ಪಂಡಿತರ ಕೆಲಸವೆಂದು ಬಿಡುವಂತಿಲ್ಲ. ಸಾಕಣೆಯ ಮೊದಲ ಮೆಟ್ಟಿಲೇ ಅದು. ಈ ಮೀನಿನ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಪೈಕ್ ಸಿಕ್ಲಿಡ್ ಎಂದರೆ ಪೈಕ್ ಮೀನಿನದೇ ಒಂದು ಬಗೆ.

ವಾಸ್ತವ: ಹೆಸರಿನಲ್ಲಿ ಮಾತ್ರ ಪೈಕ್. ನಿಜವಾದ ಪೈಕ್ ಯುರೋಪ್, ಉತ್ತರ ಏಷ್ಯಾ ಮತ್ತು ಉತ್ತರ ಅಮೆರಿಕದ ತಣ್ಣೀರಿನ ಮೀನು, ಎಸಾಕ್ಸ್ ಕುಲದ್ದು. ಪೈಕ್ ಸಿಕ್ಲಿಡ್‌ಗಳು ದಕ್ಷಿಣ ಅಮೆರಿಕದವು. ಆಂಡೀಸ್ ಪರ್ವತಗಳ ಪೂರ್ವಕ್ಕೆ, ಒರಿನೋಕೊ ನದಿಯಿಂದ ಅಮೆಜಾನ್ ದಾಟಿ ಕೆಳಗೆ ಉರುಗ್ವೆ, ಅರ್ಜೆಂಟೀನಾವರೆಗೂ ಹರಡಿವೆ. ಟ್ರಿನಿಡಾಡ್ ದ್ವೀಪದ ತೊರೆಗಳಲ್ಲಿಯೂ ಇವೆ. ಮರೆಯಲ್ಲಿ ಅಡಗಿ ಕಾದು ಒಮ್ಮೆಲೇ ನುಗ್ಗಿ ಹಿಡಿಯುವ ಬದುಕು ಎರಡಕ್ಕೂ ಒಂದೇ ಆದ್ದರಿಂದ ಉದ್ದನೆಯ ಮೈ, ಅಗಲ ಬಾಯಿ ಎರಡಕ್ಕೂ ಬಂದಿವೆ. ಅದರಾಚೆಗೆ ನಂಟಿಲ್ಲ.

ಬೆನ್ನಿನ ರೆಕ್ಕೆಯನ್ನು ನೋಡಿದರೆ ಸಾಕು, ಎರಡನ್ನೂ ಬೇರ್ಪಡಿಸಬಹುದು. ಪೈಕ್‌ಗೆ ಅದು ಬಾಲದ ಹತ್ತಿರ, ಹಿಂದಕ್ಕೆ ಸರಿದು ಕೂತಿರುತ್ತದೆ. ಪೈಕ್ ಸಿಕ್ಲಿಡ್‌ಗೆ ತಲೆಯ ಹಿಂದಿನಿಂದಲೇ ಶುರುವಾಗಿ ಬಾಲದ ಸಮೀಪದವರೆಗೂ ಓಡುತ್ತದೆ. ಅದರ ಮುಂಭಾಗದಲ್ಲಿ ಚೂಪಾದ ಮುಳ್ಳುಗಳ ಸಾಲು ಇರುತ್ತದೆ. ಮೂತಿಯ ಒಂದೊಂದು ಬದಿಗೆ ಒಂದೇ ಮೂಗಿನ ಹೊಳ್ಳೆ ಇರುವುದೂ, ಮೈಯ ಪಕ್ಕದ ರೇಖೆ ನಡುವೆ ತುಂಡಾಗಿ ಎರಡು ಭಾಗವಾಗಿರುವುದೂ ಸಿಕ್ಲಿಡ್ ಕುಟುಂಬದ ಗುರುತುಗಳು.

ಅದೇ ಕುಟುಂಬದ ಪೀಕಾಕ್ ಬಾಸ್ ಮರಿಯನ್ನು ಪೈಕ್ ಸಿಕ್ಲಿಡ್ ಎಂದು ತಿಳಿಯುವುದೂ ಉಂಟು. ಪೀಕಾಕ್ ಬಾಸ್‌ನ ಬೆನ್ನಿನ ರೆಕ್ಕೆಯಲ್ಲಿ ಮುಳ್ಳಿನ ಭಾಗಕ್ಕೂ ಮೃದು ಭಾಗಕ್ಕೂ ನಡುವೆ ಆಳವಾದ ತಗ್ಗು ಇರುತ್ತದೆ. ಪೈಕ್ ಸಿಕ್ಲಿಡ್‌ನದು ಒಂದೇ ಸಮನೆ ಸಾಗುತ್ತದೆ.

ಸಿಕ್ಲಿಡ್ ಕುಟುಂಬ ನಮಗೆ ಹೊಸತೂ ಅಲ್ಲ. ಕರಾವಳಿಯ ಊಟದ ತಟ್ಟೆಗೆ ಬರುವ ಕರಿಮೀನು ಅದೇ ಕುಟುಂಬದ್ದು. ಅದರ ಹತ್ತಿರದ ಬಂಧು ಎಟ್ರೋಪ್ಲಸ್ ಕನಾರೆನ್ಸಿಸ್ ದಕ್ಷಿಣ ಕನ್ನಡದ ಹೊಳೆಗಳ ಮೀನು. ಕೆನರಾ ಸೀಮೆಯ ಹೆಸರನ್ನೇ ಹೊತ್ತಿದೆ.

ತಪ್ಪು ಕಲ್ಪನೆ 2: ಅಂಗಡಿಯ ಚೀಟಿಯಲ್ಲಿ ‘ಪೈಕ್ ಸಿಕ್ಲಿಡ್’ ಎಂದಿದ್ದರೆ ಗುರುತು ಸಿಕ್ಕಂತೆ.

ವಾಸ್ತವ: ಆ ಹೆಸರಿನಡಿ ನೂರರ ಆಸುಪಾಸಿನಷ್ಟು ಪ್ರಭೇದಗಳಿವೆ. ಹೆಸರಿಡದವು ಇನ್ನೂ ಇವೆ. 1840ರಲ್ಲಿ ಆಸ್ಟ್ರಿಯಾದ ಯೋಹಾನ್ ಯಾಕೋಬ್ ಹೆಕೆಲ್ ಕ್ರೆನಿಸಿಕ್ಲಾ ಎಂಬ ಕುಲವನ್ನು ಸ್ಥಾಪಿಸಿದ. ಬಹುಕಾಲ ಹೆಚ್ಚುಕಡಿಮೆ ಎಲ್ಲವೂ ಅದರಲ್ಲಿಯೇ ಇದ್ದವು. 1988ರಲ್ಲಿ ಸ್ವೀಡನ್ನಿನ ಸ್ವೆನ್ ಕುಲಾಂಡರ್ ಟೆಲಿಯೋಸಿಕ್ಲಾ ಎಂಬ ಕುಲವನ್ನು ಬೇರ್ಪಡಿಸಿದರು. 2023ರಲ್ಲಿ ಎನ್ರಿಕೆ ವರೆಲಾ, ಕುಲಾಂಡರ್ ಮತ್ತು ಸಂಗಡಿಗರು ದೇಹರಚನೆ, ವಂಶವಾಹಿ ಎರಡನ್ನೂ ತೂಗಿ ನೋಡಿ ಹಳೆಯ ಕ್ರೆನಿಸಿಕ್ಲಾವನ್ನು ಮತ್ತೆ ವಿಂಗಡಿಸಿದರು. ಲುಗುಬ್ರಿಯಾ, ಸ್ಯಾಕ್ಸಟಿಲಿಯಾ, ವಾಲೇಸಿಯಾ, ಹೆಮೆರಾಯಾ ಎಂಬ ಹೊಸ ಕುಲಗಳು ಬಂದವು. ಹಾಗಾಗಿ ಹಳೆಯ ಪುಸ್ತಕದ ‘ಕ್ರೆನಿಸಿಕ್ಲಾ ಸ್ಟ್ರೈಗೇಟಾ’ ಮತ್ತು ಇಂದಿನ ‘ಲುಗುಬ್ರಿಯಾ ಸ್ಟ್ರೈಗೇಟಾ’ ಒಂದೇ ಮೀನು. ಎರಡು ಹೆಸರು ಕಂಡು ಎರಡು ಮೀನು ಎಂದುಕೊಳ್ಳಬಾರದು.

ಪ್ರಭೇದವನ್ನು ಖಚಿತವಾಗಿ ಹೇಳಲು ಪರಿಣತರಿಗೂ ಕೆಲವೊಮ್ಮೆ ಮೀನು ಹಿಡಿದ ನದಿಯ ಹೆಸರು ಬೇಕಾಗುತ್ತದೆ. ಆದರೆ ಗುಂಪನ್ನು ಗುರುತಿಸಲು ಯಾರಾದರೂ ಕಲಿಯಬಹುದು. ತೊಟ್ಟಿಯ ಅಳತೆ, ನೀರು, ಜೊತೆಯ ಮೀನು, ಇವೆಲ್ಲ ಮುಖ್ಯವಾಗಿ ಗುಂಪಿನ ಮೇಲೆಯೇ ನಿಲ್ಲುವುದರಿಂದ ಕೊಳ್ಳುವವರಿಗೆ ಅಷ್ಟು ತಿಳಿದರೂ ಬಹಳ ಸಹಾಯವಾಗುತ್ತದೆ.

*ಕುಬ್ಜ ಗುಂಪು, ಅಂದರೆ ವಾಲೇಸಿಯಾ.* ಹತ್ತು ಸೆಂಟಿಮೀಟರಿನ ಒಳಗೇ ನಿಲ್ಲುವ ರೆಗಾನಿ, ಕಂಪ್ರೆಸಿಸೆಪ್ಸ್, ನೋಟೋಫ್ತಾಲ್ಮಾ ಮೊದಲಾದವು. ಕುಲದ ಹೆಸರಿನ ಮೂಲಕ್ಕೆ ಹೋದರೆ, ಡಾರ್ವಿನ್ನನ ಸಮಕಾಲೀನನಾಗಿ ರಿಯೋ ನೆಗ್ರೋದ ಮೀನುಗಳನ್ನು ಬಿಡಿಸಿದ ಆಲ್ಫ್ರೆಡ್ ರಸೆಲ್ ವಾಲೇಸ್ ಸಿಗುತ್ತಾನೆ.

*ಚುಕ್ಕೆ ಗುಂಪು, ಅಂದರೆ ಸ್ಯಾಕ್ಸಟಿಲಿಯಾ.* ಹೆಗಲಿನ ಜಾಗದಲ್ಲಿ, ಕಿವಿರಿನ ಹಿಂದೆ ಒಂದು ಕಪ್ಪು ಮಚ್ಚೆ. ಬಾಲದ ಬುಡದಲ್ಲಿ ಕಣ್ಣಿನಂಥ ಇನ್ನೊಂದು. ಹಲವು ಪ್ರಭೇದಗಳಲ್ಲಿ ಮೈತುಂಬ ಬೆಳ್ಳಿಯ ಚುಕ್ಕೆಗಳು. ಲೆಪಿಡೋಟಾ, ಸ್ಯಾಕ್ಸಟಿಲಿಸ್, ಸ್ವೆನಿ ಈ ಗುಂಪಿನವು. ಸಾಮಾನ್ಯವಾಗಿ 15ರಿಂದ 25 ಸೆಂ.ಮೀ. ಬೆಳೆಯುತ್ತವೆ.

*ದೈತ್ಯ ಗುಂಪು, ಅಂದರೆ ಲುಗುಬ್ರಿಯಾ.* ಹುರುಪೆ ಬಹಳ ಸಣ್ಣದು, ಒತ್ತೊತ್ತಾಗಿ ಕೂತು ಮೈ ನುಣುಪಾಗಿ ಕಾಣುತ್ತದೆ. ಲುಗುಬ್ರಿಸ್, ಸ್ಟ್ರೈಗೇಟಾ, ಮಾರ್ಮೊರೇಟಾ, ಲೆಂಟಿಕ್ಯುಲೇಟಾ ಇಲ್ಲಿಯವು. ತೊಟ್ಟಿಯಲ್ಲಿ 30 ಸೆಂ.ಮೀ. ದಾಟುವುದು ಸಾಮಾನ್ಯ.

*ಕಪ್ಪೆಬಾಯಿಯ ಗುಂಪು.* ರೆಟಿಕ್ಯುಲೇಟಾ, ಗೇಯೈ, ಜೆಗುಯಿ ಮೊದಲಾದವು. ಉಳಿದ ಹೆಚ್ಚಿನ ಪೈಕ್ ಸಿಕ್ಲಿಡ್‌ಗಳ ಕೆಳದವಡೆ ಮುಂದಕ್ಕೆ ಚಾಚಿದ್ದರೆ, ಇವುಗಳ ಎರಡೂ ದವಡೆ ಸಮ. ತಲೆ ಅಗಲ, ಮೂತಿ ಮೊಂಡು. ದಿನದ ಬಹುಪಾಲು ತಳದಲ್ಲಿಯೇ ಮಲಗಿರುತ್ತವೆ. ಇದನ್ನು ಕಂಡು ರೋಗವೆಂದು ಭಯಪಟ್ಟು ಔಷಧಿ ಸುರಿಯಬೇಡಿ. ಅದು ಅವುಗಳ ಸ್ವಭಾವ.

*ಟೆಲಿಯೋಸಿಕ್ಲಾ.* ಜಲಪಾತದಂತೆ ಹರಿಯುವ ನೀರಿನ ಕಲ್ಲುಗಳ ನಡುವೆ ಬದುಕುವ ಸಣ್ಣ ಮೀನುಗಳು. ಈಜುವುದಕ್ಕಿಂತ ಕಲ್ಲಿನಿಂದ ಕಲ್ಲಿಗೆ ಹಾರಿದಂತೆ ಸಾಗುತ್ತವೆ. ತಿನ್ನುವುದು ಮೀನನ್ನಲ್ಲ, ಹುಳಹುಪ್ಪಟೆಯನ್ನು.

ಇವಲ್ಲದೆ ದಕ್ಷಿಣದ ಉರುಗ್ವೆ, ಪರಾನಾ ನದಿಗಳ ಗುಂಪುಗಳೂ ಇವೆ. ಅವುಗಳ ವಿಷಯ ಮುಂದೆ ನೀರಿನ ಮಾತಿನಲ್ಲಿ ಬರುತ್ತದೆ.

ತಪ್ಪು ಕಲ್ಪನೆ 3: ಈಗ ಕಾಣುವ ಬಣ್ಣವೇ ದೊಡ್ಡದಾದ ಮೇಲೂ ಉಳಿಯುತ್ತದೆ.

ವಾಸ್ತವ: ದೈತ್ಯ ಗುಂಪಿನಲ್ಲಿ ಮರಿಯೂ ಬೆಳೆದ ಮೀನೂ ಎರಡು ಬೇರೆ ಮೀನುಗಳಂತೆ ಕಾಣುತ್ತವೆ. ಹತ್ತು ಸೆಂಟಿಮೀಟರಿನ ಸ್ಟ್ರೈಗೇಟಾ ಮರಿಯನ್ನು ಹತ್ತಿರದಿಂದ ನೋಡಿ. ಹಣೆಯ ಮೇಲೆ, ಕೆನ್ನೆಯ ಮೇಲೆ ಸೂಜಿಮೊನೆಯಲ್ಲಿ ಇಟ್ಟಂಥ ಕಪ್ಪು ಚುಕ್ಕಿಗಳು. ಅಲ್ಲಿಂದ ಹಿಂದಕ್ಕೆ ಮೈಯುದ್ದಕ್ಕೂ ಬಾಲದ ಕಡೆಗೆ ಓಡುವ ಕಪ್ಪು ಗೆರೆಗಳು. ಬಾಲದ ಬುಡದಲ್ಲಿ ಮಚ್ಚೆ. ಬೆಳೆಯುತ್ತಾ ಚುಕ್ಕಿ ಮಾಸುತ್ತದೆ, ಗೆರೆ ಅಳಿಸುತ್ತದೆ, ಮೈಗೆ ಬೂದು, ಹಸಿರು ಇಲ್ಲವೇ ಕೆಂಪಿನ ಛಾಯೆ ಬರುತ್ತದೆ.

ಆದ್ದರಿಂದ ಈ ಚುಕ್ಕಿ ಮತ್ತು ಗೆರೆಗಳನ್ನು ಅಲಂಕಾರವೆಂದು ನೋಡದೆ ಎಚ್ಚರಿಕೆಯೆಂದು ಓದಬೇಕು. ತಲೆಯಲ್ಲಿ ಚುಕ್ಕಿ, ಮೈಯಲ್ಲಿ ಉದ್ದಗೆರೆ, ನುಣ್ಣನೆಯ ಹುರುಪೆ ಮೂರೂ ಸೇರಿದ್ದರೆ ನಿಮ್ಮ ಮುಂದಿರುವುದು ದೈತ್ಯ ಗುಂಪಿನ ಮರಿಯೆಂದೇ ಎಣಿಸಿ ಲೆಕ್ಕ ಹಾಕಿ. ಜೊತೆಗೆ, ಹೆದರಿದ ಮೀನು ನಿಮಿಷಗಳಲ್ಲೇ ಬಣ್ಣ ಬದಲಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿರುವ ಮೀನಿನ ಬಣ್ಣ ನೋಡಿ ಪ್ರಭೇದ ನಿರ್ಧರಿಸಬೇಡಿ.

ತಪ್ಪು ಕಲ್ಪನೆ 4: ಹೆಚ್ಚು ಬಣ್ಣದ್ದು ಗಂಡು.

ವಾಸ್ತವ: ಗಪ್ಪಿ, ಬೆಟ್ಟಾ ಸಾಕಿದವರಿಗೆ ಈ ಅಭ್ಯಾಸ ಬಂದಿರುತ್ತದೆ. ಪೈಕ್ ಸಿಕ್ಲಿಡ್‌ಗಳಲ್ಲಿ ಹಲವೆಡೆ ಲೆಕ್ಕ ತಿರುವುಮುರುವು. ದೈತ್ಯ ಗುಂಪಿನ ಹಲವು ಪ್ರಭೇದಗಳಲ್ಲಿ ಮೊಟ್ಟೆಯಿಡಲು ಸಿದ್ಧವಾದ ಹೆಣ್ಣಿನ ಹೊಟ್ಟೆ ಕೆಂಪೇರುತ್ತದೆ. ಗಂಡು ಅದಕ್ಕಿಂತ ಉದ್ದ, ಅದರ ಬೆನ್ನಿನ ಮತ್ತು ಗುದದ ರೆಕ್ಕೆಗಳ ತುದಿ ಚೂಪಾಗಿ ಹಿಂದಕ್ಕೆ ಚಾಚಿರುತ್ತವೆ. ಕುಬ್ಜ ಗುಂಪಿನ ರೆಗಾನಿಯಲ್ಲಿ ಹೆಣ್ಣಿನ ಬೆನ್ನಿನ ರೆಕ್ಕೆಯಲ್ಲಿ ಬಿಳಿಯ ಉಂಗುರದೊಳಗೆ ಕಪ್ಪು ಮಚ್ಚೆಗಳಿರುತ್ತವೆ, ಗಂಡಿಗೆ ಅವು ಇರುವುದಿಲ್ಲ. ಬಣ್ಣ ನೋಡಿ ‘ಎರಡು ಗಂಡು ಬೇಡ’ ಎಂದು ಕೆಂಪು ಹೊಟ್ಟೆಯ ಒಂದನ್ನು ಬಿಟ್ಟು ಬಂದವರು ಹೆಣ್ಣನ್ನೇ ಬಿಟ್ಟು ಬಂದಿರುತ್ತಾರೆ.

ತಪ್ಪು ಕಲ್ಪನೆ 5: ಮೀನು ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ.

ವಾಸ್ತವ: ಮೀನಿನ ಗಾತ್ರವನ್ನು ಗಾಜು ನಿರ್ಧರಿಸುವುದಿಲ್ಲ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ಕೆಟ್ಟ ನೀರು ಮತ್ತು ಒತ್ತಡದಿಂದ. ಅದು ಹೊಂದಾಣಿಕೆಯಲ್ಲ, ನರಳಾಟ. ಬಾಗಿದ ಬೆನ್ನು, ಉರಿಯುವ ರೆಕ್ಕೆ, ತಲೆಯಲ್ಲಿ ಬೀಳುವ ಹಳ್ಳಗಳು, ಅಲ್ಪಾಯುಷ್ಯ ಇವೆಲ್ಲ ಅದರ ಬೆಲೆ.

ಪೈಕ್ ಸಿಕ್ಲಿಡ್‌ಗೆ ತೊಟ್ಟಿಯ ಎತ್ತರಕ್ಕಿಂತ ತಳದ ಉದ್ದಗಲ ಮುಖ್ಯ. ಅದರ ಬದುಕೆಲ್ಲ ತಳದ ಸಮೀಪವೇ ನಡೆಯುತ್ತದೆ. ಕುಬ್ಜ ಜೋಡಿಗೆ 3 ಅಡಿ ಉದ್ದದ ತೊಟ್ಟಿ ಹಿತ. ಚುಕ್ಕೆ ಗುಂಪಿಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ, ಅಂದರೆ ಸುಮಾರು 255 ಲೀಟರಿನ ತೊಟ್ಟಿ ಕನಿಷ್ಠ. ದೈತ್ಯ ಗುಂಪಿಗೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಬೇಕು. ಅದು ಸುಮಾರು 680 ಲೀಟರ್. ನೀರಿನ ತೂಕವೇ 680 ಕಿಲೋ, ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ಮೇಲಿನ ಮಹಡಿಯ ಬಾಡಿಗೆ ಮನೆಯಲ್ಲಿರುವವರು ಮೀನಿನ ಬೆಲೆಗೂ ಮುಂಚೆ ಈ ತೂಕವನ್ನು ಯೋಚಿಸಬೇಕು. ಮುಚ್ಚಳವಂತೂ ಬೇಕೇ ಬೇಕು. ಬೆದರಿದ ಪೈಕ್ ಸಿಕ್ಲಿಡ್ ಒಂದೇ ನೆಗೆತಕ್ಕೆ ತೊಟ್ಟಿಯಿಂದ ಹೊರಗೆ ಬೀಳಬಲ್ಲದು.

ತಪ್ಪು ಕಲ್ಪನೆ 6: ಇದಕ್ಕೆ ಜೀವಂತ ಮೀನೇ ಆಹಾರ.

ವಾಸ್ತವ: ನದಿಯಲ್ಲಿ ಹಲವು ಪ್ರಭೇದಗಳು ಮೀನು ತಿನ್ನುವುದು ನಿಜ. ಟ್ರಿನಿಡಾಡಿನ ತೊರೆಗಳಲ್ಲಿ ಪೈಕ್ ಸಿಕ್ಲಿಡ್ ಗಪ್ಪಿಗಳ ದೊಡ್ಡ ಶತ್ರು. ಅಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿ ಜಾನ್ ಎಂಡ್ಲರ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಜೀವವಿಕಾಸದ ಪಠ್ಯಗಳಲ್ಲಿ ಪ್ರಸಿದ್ಧ. ಪೈಕ್ ಸಿಕ್ಲಿಡ್ ಇದ್ದ ಕೊಳಗಳಲ್ಲಿ ಕೆಲವೇ ತಲೆಮಾರುಗಳಲ್ಲಿ ಗಂಡು ಗಪ್ಪಿಗಳ ಬಣ್ಣದ ಚುಕ್ಕೆಗಳು ಕುಗ್ಗಿದವು, ಇಲ್ಲದ ಕಡೆ ಹೆಚ್ಚಿದವು. ಈ ಮೀನಿನ ಜೊತೆ ಬದುಕುವ ಗಪ್ಪಿಗಳು ಬೇಗ ಪ್ರಾಯಕ್ಕೆ ಬಂದು ಹೆಚ್ಚು ಮರಿಗಳನ್ನು ಹಾಕುತ್ತವೆಂದು ಇನ್ನೊಬ್ಬ ಜೀವವಿಜ್ಞಾನಿ ಡೇವಿಡ್ ರೆಜ್ನಿಕ್ ತೋರಿಸಿದರು.

ಆದರೆ ಎಲ್ಲ ಪ್ರಭೇದಗಳೂ ಮೀನು ತಿನ್ನುವವಲ್ಲ. ಉರುಗ್ವೆ ನದಿಯ ಮಿನುವಾನೋ ಗಂಟಲಿನ ದಪ್ಪ ಹಲ್ಲುಗಳಿಂದ ಶಂಖದ ಹುಳುಗಳನ್ನು ಪುಡಿಮಾಡಿ ತಿನ್ನುತ್ತದೆ. ಅದೇ ನದಿಯ ಟೆಂಡಿಬಗ್ವಾಸುಗೆ ಊದಿದಂಥ ದಪ್ಪ ತುಟಿಗಳಿವೆ. ಕುಬ್ಜ ಪ್ರಭೇದಗಳಿಗೆ ಸಣ್ಣ ಹುಳಗಳೇ ಮುಖ್ಯ ಆಹಾರ.

ಇನ್ನು ಆಹಾರಕ್ಕೆಂದೇ ಅಂಗಡಿಯಲ್ಲಿ ಮಾರುವ ಫೀಡರ್ ಮೀನುಗಳು ಕಿಕ್ಕಿರಿದ ತೊಟ್ಟಿಗಳಿಂದ ಬರುತ್ತವೆ, ಜೊತೆಗೆ ಪರಾವಲಂಬಿಗಳನ್ನೂ ರೋಗವನ್ನೂ ತರುತ್ತವೆ. ಗೋಲ್ಡ್‌ಫಿಷ್‌ನಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಥಯಾಮಿನೇಸ್ ಎಂಬ ಕಿಣ್ವ ಇದೆ. ಅದನ್ನೇ ತಿಂಗಳುಗಟ್ಟಲೆ ತಿನ್ನಿಸಿದರೆ ಮೀನಿನ ನರಗಳು ಸೊರಗುತ್ತವೆ. ಹಾಗಾಗಿ ಆಹಾರದ ಬುಡ ಮುಳುಗುವ ಒಳ್ಳೆಯ ಪೆಲೆಟ್ ಆಗಿರಲಿ. ಜೊತೆಗೆ ಎರೆಹುಳು, ಸಿಪ್ಪೆ ತೆಗೆದ ಸಿಗಡಿ, ಮೀನಿನ ತುಂಡು ಇರಲಿ. ಹೊಸ ಮೀನು ಪೆಲೆಟ್ ಮುಟ್ಟದಿದ್ದರೆ ಮೊದಲು ಎರೆಹುಳು ಕೊಟ್ಟು, ಆಮೇಲೆ ಎರೆಹುಳುವಿನ ಜೊತೆ ಪೆಲೆಟ್ ಬಿಟ್ಟು ನಿಧಾನಕ್ಕೆ ರೂಢಿ ಮಾಡಿಸಬಹುದು. ದನ, ಕುರಿಯ ಮಾಂಸ ಬೇಡ, ಆ ಕೊಬ್ಬು ಮೀನಿಗೆ ಜೀರ್ಣವಾಗದು. ಮರಿಗೆ ದಿನಾ, ಬೆಳೆದ ದೊಡ್ಡ ಮೀನಿಗೆ ವಾರಕ್ಕೆ ಮೂರು ನಾಲ್ಕು ಸಲ ಆಹಾರ ಸಾಕು.

ತಪ್ಪು ಕಲ್ಪನೆ 7: ಬೇರೆ ಮೀನಿನ ಜೊತೆ ಬಾಳುವುದೇ ಇಲ್ಲ, ತನ್ನವರ ಜೊತೆಯಾದರೆ ಹೊಂದಿಕೊಳ್ಳುತ್ತದೆ.

ವಾಸ್ತವ: ಹೆಚ್ಚಾಗಿ ಇದಕ್ಕೆ ತದ್ವಿರುದ್ಧ. ಪೈಕ್ ಸಿಕ್ಲಿಡ್‌ನ ಅತಿ ದೊಡ್ಡ ಹಗೆ ಇನ್ನೊಂದು ಪೈಕ್ ಸಿಕ್ಲಿಡ್. ಒಂದೇ ತೊಟ್ಟಿಗೆ ಬೆಳೆದ ಎರಡನ್ನು ಬಿಟ್ಟರೆ, ಅವು ಗಂಡು ಹೆಣ್ಣೇ ಆಗಿದ್ದರೂ, ಒಂದು ಸಾಯುವವರೆಗೂ ಕಾದಾಟ ನಡೆಯಬಹುದು. ಬಾಯಿಗೆ ಹಿಡಿಸದ, ಮೈ ಅಗಲವಾದ ಬೇರೆ ಮೀನುಗಳನ್ನಾದರೆ ಹಲವು ಪೈಕ್ ಸಿಕ್ಲಿಡ್‌ಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೊಡ್ಡ ಜಿಯೋಫೇಗಸ್, ಸೆವೆರಮ್, ಸಿಲ್ವರ್ ಡಾಲರ್, ದೊಡ್ಡ ಪ್ಲೆಕೋ ಇಂಥವು ಜೊತೆಗೆ ಆಗಬಹುದು. ನಿಯಾನ್ ಟೆಟ್ರಾ, ಗಪ್ಪಿ, ಚಿಕ್ಕ ಬಾರ್ಬ್ ಮಾತ್ರ ಬೇಡ. ಈ ಮೀನಿನ ಬಾಯಿ ನೀವೆಣಿಸಿದ್ದಕ್ಕಿಂತ ಅಗಲವಾಗಿ ತೆರೆಯುತ್ತದೆ.

ಜೋಡಿ ಬೇಕಾದರೆ ಆರೇಳು ಮರಿಗಳನ್ನು ಒಟ್ಟಿಗೆ ಬೆಳೆಸಿ, ತಾವಾಗಿ ಜೋಡಿ ಆದ ಮೇಲೆ ಉಳಿದವನ್ನು ಬೇರೆ ಮಾಡುವುದು ಸರಿಯಾದ ದಾರಿ. ಬೇರೆ ಮಾಡಲು ಜಾಗ ಇಲ್ಲದವರು ಒಂದೇ ಮೀನು ಸಾಕುವುದು ಲೇಸು. ಜೋಡಿಯಾದವು ಗುಹೆಯಂಥ ಸಂದಿನಲ್ಲಿ ಮೊಟ್ಟೆ ಇಟ್ಟು, ತಂದೆತಾಯಿ ಇಬ್ಬರೂ ಮರಿಗಳನ್ನು ಕಾಯುತ್ತವೆ. ತೊಟ್ಟಿಯಲ್ಲಿ ಒಂದಕ್ಕೊಂದು ಕಾಣದಂತೆ ಮರೆಯಾಗುವ ಸಂದುಗಳು ಮೀನಿಗಿಂತ ಹೆಚ್ಚಿರಲಿ.

ತಪ್ಪು ಕಲ್ಪನೆ 8: ಎಲ್ಲವೂ ಅಮೆಜಾನಿನವು, ಒಂದೇ ನೀರು, ಒಂದೇ ಶಾಖ ಸಾಕು.

ವಾಸ್ತವ: ನದಿ ಬೇರೆಯಾದರೆ ನೀರೂ ಬೇರೆ. ರಿಯೋ ನೆಗ್ರೋದ ಲೆಂಟಿಕ್ಯುಲೇಟಾ ಚಹಾದ ಬಣ್ಣದ, ಆಮ್ಲೀಯ, ಬಹಳ ಮೆದು ನೀರಿನದು. ಷಿಂಗು ನದಿಯ ಮೀನುಗಳಿಗೆ ಬಿಸುಪು ಮತ್ತು ರಭಸ ಬೇಕು. 2018ರಲ್ಲಿ ಹೆಸರು ಪಡೆದ ಕಪ್ಪುಮೈಯ ದಂಡಾರಾ ಕೂಡ ಅಲ್ಲಿಯದೇ. ಅವಕ್ಕೆ 28 ಡಿಗ್ರಿಯ ಆಸುಪಾಸಿನ ಶಾಖ, ಪಂಪಿನ ಬಲವಾದ ಹರಿವು, ತುಂಬು ಆಮ್ಲಜನಕ ಬೇಕು. ಉರುಗ್ವೆ ನದಿಯ ಮಿಸಿಯೋನೇರಾ, ಸ್ಕಾಟಿ ಮೊದಲಾದವು ಚಳಿಗಾಲದಲ್ಲಿ ತಂಪಾಗುವ ನೀರಿನವು. ವರ್ಷವಿಡೀ ಬಿಸಿ ನೀರಲ್ಲಿಟ್ಟರೆ ಸೊರಗುತ್ತವೆ.

ಇದು ನಮ್ಮ ಊರುಗಳಿಗೂ ಸೇರುವ ಮಾತು. ಬೆಂಗಳೂರಿನ, ಮಡಿಕೇರಿಯ ಚಳಿಗಾಲದ ರಾತ್ರಿಯಲ್ಲಿ ಅಮೆಜಾನಿನ ಮೀನಿಗೆ ಹೀಟರ್ ಬೇಕು. ಕಲಬುರಗಿಯ, ರಾಯಚೂರಿನ ಬೇಸಿಗೆಯಲ್ಲಿ ದಕ್ಷಿಣದ ತಂಪುನೀರಿನ ಪ್ರಭೇದಗಳನ್ನು ಸಾಕಲು ಹೊರಡುವುದು ಬೇಡ. ಬೋರ್‌ವೆಲ್ ನೀರು ಗಡುಸಾಗಿರುವ ಮನೆಯವರು ರಿಯೋ ನೆಗ್ರೋದ ಪ್ರಭೇದಗಳನ್ನು ಬಿಟ್ಟು, ನೀರಿನ ಗುಣಕ್ಕೆ ಹೆಚ್ಚು ಹೊಂದಿಕೊಳ್ಳುವ ಲೆಪಿಡೋಟಾದಂಥದನ್ನು ನೋಡಬಹುದು. ನೀರು ಯಾವುದೇ ಇರಲಿ, ಮಾಂಸಾಹಾರಿ ಮೀನು ಗಲೀಜು ಹೆಚ್ಚು ಮಾಡುವುದರಿಂದ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುವುದು, ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದು ಬಿಡುವುದು ತಪ್ಪಬಾರದು.

ತಪ್ಪು ಕಲ್ಪನೆ 9: ಸಾಕಲಾಗದಿದ್ದರೆ ಕೆರೆಗೆ ಬಿಡುವುದು ಪುಣ್ಯ.

ವಾಸ್ತವ: ಅದು ಮೀನಿಗೂ ಕೆರೆಗೂ ಮಾಡುವ ಕೇಡು. ಪೈಕ್ ಸಿಕ್ಲಿಡ್‌ನ ದಾಯಾದಿಯಾದ ಪೀಕಾಕ್ ಬಾಸ್ ಅನ್ನು 1960ರ ದಶಕದ ಕೊನೆಯಲ್ಲಿ ಪನಾಮಾದ ಗಟುನ್ ಸರೋವರಕ್ಕೆ ಸೇರಿಸಿದ್ದರಿಂದ ಅಲ್ಲಿನ ಸ್ಥಳೀಯ ಮೀನುಗಳು ಕೆಲವೇ ವರ್ಷಗಳಲ್ಲಿ ಕುಸಿದುಬಿದ್ದವು. ನಮ್ಮಲ್ಲಿಯೂ 1952ರಲ್ಲಿ ದೇಶಕ್ಕೆ ಬಂದ ಮೊಜಾಂಬಿಕ್ ತಿಲಾಪಿಯಾ ಕೆರೆಕೆರೆಗೂ ಹಬ್ಬಿದೆ. ಅಕ್ವೇರಿಯಂಗಳಿಂದ ತಪ್ಪಿಸಿಕೊಂಡ ಒರಟು ಮೈಯ ಸಕರ್ ಮೀನು ನಗರದ ಕೆರೆಗಳಲ್ಲಿ ಬಲೆ ಹರಿಯುತ್ತಿದೆ. ಪಶ್ಚಿಮ ಘಟ್ಟದ ಹೊಳೆಗಳ ಮೀನುಗಳಿಗೆ ಪೈಕ್ ಸಿಕ್ಲಿಡ್‌ನಂಥ ಹೊರಗಿನ ಬೇಟೆಗಾರನ ಪರಿಚಯವಿಲ್ಲ. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ, ಅಥವಾ ದೊಡ್ಡ ತೊಟ್ಟಿ ಇರುವ ಇನ್ನೊಬ್ಬ ಹವ್ಯಾಸಿಗೆ ಕೊಡಿ. ನೀರಿಗೆ ಬಿಡಬೇಡಿ.

ಕೊಳ್ಳುವ ಮುನ್ನ

ಅಂಗಡಿಯವರನ್ನು ಕೇಳಬೇಕಾದದ್ದು ಇಷ್ಟು: ಇದು ಯಾವ ನದಿಯದು? ಹಿಡಿದು ತಂದದ್ದೋ, ತೊಟ್ಟಿಯಲ್ಲಿ ಮರಿಯಾದದ್ದೋ? ಈಗ ಏನು ತಿನ್ನುತ್ತಿದೆ? ನನ್ನ ಕಣ್ಣೆದುರು ತಿನ್ನಿಸಿ ತೋರಿಸುತ್ತೀರಾ? ಆಮೇಲೆ ನೀವೇ ನೋಡಬೇಕಾದದ್ದು: ಹೆಗಲಿನ ಮಚ್ಚೆ ಇದೆಯೇ, ತಲೆಯಲ್ಲಿ ಚುಕ್ಕಿ ಇದೆಯೇ, ಹುರುಪೆ ಎಷ್ಟು ಸಣ್ಣದು, ದವಡೆ ಚಾಚಿದೆಯೇ ಅಥವಾ ಸಮನಾಗಿದೆಯೇ. ಹೊಟ್ಟೆ ಒಳಕ್ಕೆ ಸೇರಿದ, ಕಣ್ಣು ಮಂಜಾದ, ಏದುಸಿರು ಬಿಡುವ ಮೀನು ಬೇಡ. ಷಿಂಗು ನದಿಯಲ್ಲಿ ಬೆಲೊ ಮಾಂಟಿ ಅಣೆಕಟ್ಟಿನಿಂದ ಹರಿವು ಬದಲಾಗಿ ಮೀನಿನ ನೆಲೆ ಕುಗ್ಗುತ್ತಿರುವಾಗ, ತೊಟ್ಟಿಯಲ್ಲಿ ಹುಟ್ಟಿದ ಮರಿ ಸಿಕ್ಕರೆ ಅದನ್ನೇ ಆರಿಸಿ.

ಮೊದಲ ಸಲ ಸಾಕುವವರಿಗೆ, 3 ಅಡಿಯ ತೊಟ್ಟಿ ಇರುವವರಿಗೆ ವಾಲೇಸಿಯಾ ಗುಂಪಿನ ರೆಗಾನಿ ಒಳ್ಳೆಯ ಆಯ್ಕೆ. 4 ಅಡಿಯ ತೊಟ್ಟಿ ಇದ್ದರೆ ಒಂದು ಲೆಪಿಡೋಟಾ. 6 ಅಡಿಯ ತೊಟ್ಟಿ ಈಗಾಗಲೇ ನೀರು ತುಂಬಿ, ಫಿಲ್ಟರ್ ಪಳಗಿ ನಿಂತಿದ್ದರೆ ಮಾತ್ರ ಲುಗುಬ್ರಿಯಾ. ‘ಮೀನು ಬೆಳೆದ ಮೇಲೆ ತೊಟ್ಟಿ ದೊಡ್ಡದು ಮಾಡಿಸುತ್ತೇನೆ’ ಎಂಬ ಮಾತಿನ ಮೇಲೆ ದೈತ್ಯ ಗುಂಪಿನ ಮರಿಯನ್ನು ಕೊಳ್ಳಬೇಡಿ. ಗುಂಪು ಯಾವುದೆಂದು ಗೊತ್ತಾಗದಿದ್ದರೆ ಅಂದು ಫೋಟೋ ತೆಗೆದುಕೊಂಡು ಬರಿಗೈಯಲ್ಲಿ ಮನೆಗೆ ಬನ್ನಿ. ವಿಚಾರಿಸಿ ತಿಳಿದ ಮೇಲೆ ಹೋಗಿ ಕೊಂಡರೆ, ಆ ಮೀನು ಬಹುಕಾಲ ನಿಮ್ಮ ಮನೆಯಲ್ಲಿ ನೆಮ್ಮದಿಯಾಗಿ ಬಾಳುತ್ತದೆ.